ಗುರುತಿಗೊಂದು ಬೀಗ, ಕೀಲಿ ನಮ್ಮ ಕೈಯಲ್ಲಿ

ಮೈಸೂರಿನ ವಿಜಯನಗರದ ಹಳೆಯ ಮನೆಗಳ ಬೀರುವಿನ ಒಳಖಾನೆಯಲ್ಲಿ ಒಂದು ಕಾಗದದ ಕಟ್ಟು ಇದ್ದೇ ಇರುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರ ಮುಡಾದ ಹಂಚಿಕೆ ಪತ್ರ, ಕ್ರಯಪತ್ರ, ಖಾತಾ ಪ್ರಮಾಣಪತ್ರ, ವರ್ಷವರ್ಷದ ಕಂದಾಯ ರಸೀತಿ, ಋಣಭಾರ ಪತ್ರ (ಇಸಿ). ನೌಕರಿಯ ಅರ್ಧ ಆಯುಷ್ಯ ಸವೆಸಿ ಕೊಂಡ ನಿವೇಶನದ ದಾಖಲೆಗಳವು. ಬೀರುವಿಗೆ ಬೀಗ, ಮನೆಬಾಗಿಲಿಗೆ ಬೀಗ, ಗೇಟಿಗೂ ಬೀಗ. ಆದರೆ ಅದೇ ಕ್ರಯಪತ್ರದ ಇನ್ನೊಂದು ಪ್ರತಿ ನೋಂದಣಿ ಇಲಾಖೆಯ ಸರ್ವರ್‌ನಲ್ಲಿದೆ. ಅದರ ಮೇಲೆ ಮಾರಿದವರ, ಕೊಂಡವರ ಬೆರಳಚ್ಚುಗಳಿವೆ. 2023ರಲ್ಲಿ ಕರ್ನಾಟಕದ ಅನೇಕ ಆಸ್ತಿದಾರರಿಗೆ ಒಂದು ಕಹಿ ಸತ್ಯ ಗೊತ್ತಾಯಿತು. ತಮ್ಮ ಮನೆಯ ಪ್ರತಿಗೆ ಮೂರು ಬೀಗ ಹಾಕಿದ್ದರೂ ಸರ್ಕಾರದ ಪ್ರತಿಗೆ ಬೀಗ ಭದ್ರವಾಗಿರಲಿಲ್ಲ.

ಗುರುತಿನ ಕಳ್ಳತನ ಎಂದರೆ ಯಾರೋ ನಮ್ಮ ಹೆಸರಿನಲ್ಲಿ ನಾವಾಗಿ ನಿಲ್ಲುವುದು. ನಮ್ಮ ಖಾತೆಯಿಂದ ಹಣ ತೆಗೆಯುವುದು, ನಮ್ಮ ಪ್ಯಾನ್ ಕೊಟ್ಟು ಸಾಲ ಎತ್ತುವುದು, ನಮ್ಮ ಆಧಾರ್‌ನಿಂದ ಸಿಮ್ ಕೊಳ್ಳುವುದು. ಇದರ ವಿರುದ್ಧ ನಮಗೆ ಸಿಗುವ ಉಪದೇಶ ಹೆಚ್ಚಾಗಿ ಒಂದೇ: ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ಹುಷಾರಾಗಿರಿ. ಇದು ಸರಿಯಾದ ಮಾತೇ, ಆದರೆ ಇದಿಷ್ಟೇ ಸಾಲದು. ಒಟಿಪಿ ಹೇಳದವರೂ ಲಿಂಕ್ ಒತ್ತದವರೂ ದುಡ್ಡು ಕಳೆದುಕೊಂಡಿದ್ದಾರೆ. ಎಚ್ಚರಿಕೆಯ ಜೊತೆಗೆ ಬೀಗ ಬೇಕು, ಆ ಬೀಗದ ಕೀಲಿ ಖಾತೆದಾರರ ಕೈಯಲ್ಲಿರಬೇಕು. ಈ ಲೇಖನದ ಒಟ್ಟು ಮಾತು ಇಷ್ಟೇ.

ಹೆಬ್ಬೆಟ್ಟು ಒತ್ತಿದವರ ತಪ್ಪೇನು?

ಆಸ್ತಿ ನೋಂದಣಿಯಲ್ಲಿ ಬೆರಳಚ್ಚು ಕೊಡುವುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಮಿನ ಪ್ರಕಾರ, ದಾಖಲೆ ಹಾಜರುಪಡಿಸುವವರು ಭಾವಚಿತ್ರ ಅಂಟಿಸಿ ಬೆರಳಚ್ಚು ಒತ್ತಲೇಬೇಕು. ಖೋಟಾ ವ್ಯಕ್ತಿಗಳು ಬಂದು ಇನ್ನೊಬ್ಬರ ಆಸ್ತಿ ಮಾರುವುದನ್ನು ತಡೆಯುವುದು ಇದರ ಉದ್ದೇಶ. ಒಂದು ಕಾಲದಲ್ಲಿ ಹೆಬ್ಬೆಟ್ಟು ಅಕ್ಷರ ಬಾರದವರ ಗುರುತಾಗಿತ್ತು. ಈಗ ಪ್ರೊಫೆಸರರೂ ಎಂಜಿನಿಯರರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಲಿನಲ್ಲಿ ನಿಂತು ಬೆರಳು ಒತ್ತುತ್ತಾರೆ.

2023ರಲ್ಲಿ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಿಗೆ ಕಾವೇರಿ 2.0 ತಂತ್ರಾಂಶ ಬಂತು. ಕಚೇರಿಯಲ್ಲಿ ದಿನಗಟ್ಟಲೆ ಕಾಯುವ ಕಷ್ಟ ಅದರಿಂದ ಎಷ್ಟೋ ಕಡಿಮೆಯಾಯಿತು. ಆದರೆ ಅದೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರು, ಮಂಗಳೂರು ಕಡೆಯ ಪೊಲೀಸ್ ಠಾಣೆಗಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ಖಾತೆಯಿಂದ ಹಣ ಹೋಗಿದೆ. ಎಟಿಎಂ ಕಾರ್ಡ್ ಕೈಯಲ್ಲೇ ಇದೆ. ಯಾರ ಫೋನೂ ಬಂದಿಲ್ಲ, ಒಟಿಪಿಯೂ ಬಂದಿಲ್ಲ. ವಿಚಾರಿಸಿದಾಗ ದೂರು ಕೊಟ್ಟ ಹಲವರು ಸ್ವಲ್ಪ ದಿನಗಳ ಹಿಂದೆ ಆಸ್ತಿ ನೋಂದಣಿಗೆ ಹೋಗಿ ಬಂದವರು ಎಂದು ತಿಳಿಯಿತು. ಪೊಲೀಸರ ಅನುಮಾನ ನೋಂದಾಯಿತ ದಾಖಲೆಗಳ ಕಡೆಗೆ ತಿರುಗಿತು. ಮಂಗಳೂರು ಪೊಲೀಸರು ಆ ಪ್ರಕರಣಗಳಲ್ಲಿ ಬಿಹಾರದ ಆರೋಪಿಗಳನ್ನು ಬಂಧಿಸಿದರು.

ಈ ಹಣ ಹೋದ ದಾರಿಯ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ರಾಷ್ಟ್ರೀಯ ಪಾವತಿ ನಿಗಮ ಇದನ್ನು ನಡೆಸುತ್ತದೆ. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ, ಬ್ಯಾಂಕ್ ಮಿತ್ರನ ಬಳಿಯ ಚಿಕ್ಕ ಯಂತ್ರದ ಮೇಲೆ ಬೆರಳಿಟ್ಟು ಪಿಂಚಣಿಯನ್ನೋ ಕೂಲಿಯನ್ನೋ ಪಡೆಯಲಿ ಎಂದು ರೂಪಿಸಿದ ಒಳ್ಳೆಯ ವ್ಯವಸ್ಥೆ ಅದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು: ಈ ಮೂರಿದ್ದರೆ ಸಾಕು, ಒಂದು ಸಲಕ್ಕೆ 10,000 ರೂಪಾಯಿಯವರೆಗೆ ತೆಗೆಯಬಹುದು. ಪಿನ್ ಬೇಡ, ಒಟಿಪಿ ಬೇಡ. ಕಡತದಲ್ಲಿ ಅಚ್ಚಾಗಿರುವ ಬೆರಳಚ್ಚನ್ನು ಸಿಲಿಕೋನ್ ಪೊರೆಯ ಮೇಲೆ ಮೂಡಿಸಿ ಯಂತ್ರಕ್ಕೆ ತೋರಿಸಿದರೆ, ಖಾತೆದಾರ ಮೈಸೂರಿನಲ್ಲಿ ನಿದ್ದೆಯಲ್ಲಿರುವಾಗಲೇ ನೂರಾರು ಮೈಲಿ ದೂರದಲ್ಲಿ ಅವನ 'ಬೆರಳು' ಹಣ ತೆಗೆಯುತ್ತದೆ.

ಮುಂದೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಆಧಾರ್ ಸಂಖ್ಯೆ, ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಬೆರಳು ಜೀವಂತವೋ ನಕಲಿಯೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲೇ ಪ್ರಕಟಿಸಿತ್ತು. ಎಇಪಿಎಸ್ ಯಂತ್ರ ಇಟ್ಟುಕೊಂಡವರನ್ನು ಬ್ಯಾಂಕುಗಳು ಹೇಗೆ ಪರಿಶೀಲಿಸಬೇಕು, ಹೇಗೆ ಅವರ ಮೇಲೆ ಕಣ್ಣಿಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿಯಮ ಹೊರಡಿಸಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೂ ಒಂದು ಮಾತು ಮರೆಯಬಾರದು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಾರ್ಡ್ ಕಳೆದರೆ ಹೊಸದು ಪಡೆಯಬಹುದು. ಸೋರಿದ ಬೆರಳಚ್ಚಿಗೆ ಬದಲಿ ಇಲ್ಲ. ಈಗಾಗಲೇ ಹೊರಗೆ ಹೋದ ಪ್ರತಿಗಳನ್ನು ವಾಪಸು ತರುವುದಂತೂ ಯಾರಿಂದಲೂ ಆಗದು.

ನಮ್ಮ ಹೆಸರಿನಲ್ಲಿ ನಮ್ಮದಲ್ಲದ ಸಾಲ

ಖಾತೆಯಿಂದ ಹಣ ಹೋದರೆ ಎಸ್ಎಂಎಸ್ ಬರುತ್ತದೆ, ಪಾಸ್‌ಬುಕ್ ಹೇಳುತ್ತದೆ. ಇನ್ನೊಂದು ಕಳ್ಳತನವಿದೆ, ಅದು ಸದ್ದು ಮಾಡುವುದಿಲ್ಲ. ನಮ್ಮ ಪ್ಯಾನ್ ಸಂಖ್ಯೆ ಬಳಸಿ ಯಾರೋ ಆ್ಯಪ್ ಒಂದರಲ್ಲಿ ಸಾಲ ತೆಗೆದುಕೊಳ್ಳುತ್ತಾರೆ ಅಥವಾ ಕ್ರೆಡಿಟ್ ಕಾರ್ಡ್ ಮಾಡಿಸುತ್ತಾರೆ. ಹಣ ಅವರ ಖಾತೆಗೆ, ಬಾಕಿ ನಮ್ಮ ಹೆಸರಿಗೆ. ಎಷ್ಟೋ ದಿನಗಳ ಮೇಲೆ ಮಗಳ ಓದಿಗೋ ಮನೆಯ ಮೇಲಂತಸ್ತಿಗೋ ಸಾಲ ಕೇಳಲು ಬ್ಯಾಂಕಿಗೆ ಹೋದಾಗ, 'ನಿಮ್ಮ ಸಿಬಿಲ್ ಚೆನ್ನಾಗಿಲ್ಲ ಸಾರ್' ಎಂಬ ಉತ್ತರ ಸಿಗುತ್ತದೆ.

2023ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಐವರನ್ನು ಬಂಧಿಸಿದ ಪ್ರಕರಣ ಇದರ ಒಳಗುಟ್ಟನ್ನು ಬಿಚ್ಚಿಟ್ಟಿತು. ಮಹೇಂದ್ರ ಸಿಂಗ್ ಧೋನಿ, ಅಭಿಷೇಕ್ ಬಚ್ಚನ್, ಶಿಲ್ಪಾ ಶೆಟ್ಟಿಯವರಂಥ ಪ್ರಸಿದ್ಧರ ಹೆಸರಿನಲ್ಲಿ ಆ ಗುಂಪು ಕ್ರೆಡಿಟ್ ಕಾರ್ಡ್ ಮಾಡಿಸಿ ಲಕ್ಷಗಟ್ಟಲೆ ಖರ್ಚು ಮಾಡಿತ್ತು. ಅವರ ಪ್ಯಾನ್ ಎಲ್ಲಿ ಸಿಕ್ಕಿತು? ಜಿಎಸ್‌ಟಿ ಸಂಖ್ಯೆಯಲ್ಲಿ. 15 ಅಕ್ಷರಗಳ ಆ ಸಂಖ್ಯೆಯ ಮೊದಲೆರಡು ಅಂಕಿ ರಾಜ್ಯದ್ದು, ನಂತರದ ಹತ್ತು ಅಕ್ಷರ ಪ್ಯಾನ್. ಹುಟ್ಟಿದ ದಿನ ಇಂಟರ್ನೆಟ್‌ನಲ್ಲೇ ಇತ್ತು. ಪರಿಶೀಲನೆಯ ವೇಳೆ ಹಳೆಯ ಸಾಲ, ಕಾರ್ಡುಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೂ ವಂಚಕರು ತಡವರಿಸದೆ ಉತ್ತರಿಸಿದ್ದರು. ಆ ವಿವರ ಸಿಕ್ಕಿದ್ದು ಆ ಪ್ರಸಿದ್ಧರ ಸಾಲದ ಚರಿತ್ರೆ ಹೇಳುವ ಕ್ರೆಡಿಟ್ ವರದಿಯಲ್ಲಿ ಎಂದು ಪೊಲೀಸರು ಹೇಳಿದರು. ನಮ್ಮನ್ನು ಗುರುತಿಸಲು ಇಟ್ಟ ವರದಿಯೇ ಕಳ್ಳನಿಗೆ ನಮ್ಮ ವೇಷ ತೊಡಿಸಿತ್ತು.

ಹುಣಸೂರು ರಸ್ತೆಯಲ್ಲೋ ವಾಟರ್ ಟ್ಯಾಂಕ್ ಸುತ್ತಮುತ್ತಲೋ ಅಂಗಡಿ ನಡೆಸುವ, ಜಿಎಸ್‌ಟಿ ನೋಂದಣಿ ಮಾಡಿಸಿದ ಪ್ರತಿ ವರ್ತಕರ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಇರಬೇಕು, ಅದು ಕಾನೂನು. ಏಕಮಾಲೀಕತ್ವದ ಅಂಗಡಿಯಾದರೆ ಅದರೊಳಗಿರುವುದು ಮಾಲೀಕರ ಸ್ವಂತ ಪ್ಯಾನ್. ಇಲ್ಲಿ ಯಾರೂ ಅಜಾಗರೂಕರಾಗಿಲ್ಲ. ಬಚ್ಚಿಡಲು ಬರದ ಮಾಹಿತಿಯ ಮೇಲೆ ಸಾಲದ ಬಾಗಿಲು ತೆರೆಯುವ ಪದ್ಧತಿಯಲ್ಲೇ ದೋಷವಿದೆ.

ಅಮೆರಿಕದಿಂದ ಬಂದ 'ಫ್ರೀಜ್' ಎಂಬ ಮಾತು

ವಿಜಯನಗರದಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಕಡಿಮೆಯಿಲ್ಲ. ಅಮೆರಿಕದಲ್ಲಿರುವ ಮಗನೋ ಸೊಸೆಯೋ ಭಾನುವಾರದ ವಿಡಿಯೊ ಕರೆಯಲ್ಲಿ, 'ಅಮ್ಮ, ನಾವು ಇಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಟ್ಟಿದ್ದೀವಿ' ಎನ್ನುವುದುಂಟು. ಅದೇನೆಂದು ನೋಡುವುದು ನಮಗೂ ಉಪಯುಕ್ತ.

ಅಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಸಂಸ್ಥೆಗಳು ಜನರ ಸಾಲದ ಚರಿತ್ರೆ ಇಟ್ಟಿವೆ. ಉಳಿತಾಯ ಖಾತೆ, ಚೆಕ್ ಖಾತೆಗಳ ಚರಿತ್ರೆಗೆ ಚೆಕ್ಸ್‌ಸಿಸ್ಟಮ್ಸ್ ಎಂಬ ಬೇರೆಯೇ ಸಂಸ್ಥೆಯಿದೆ. ಹೊಸ ಖಾತೆ ತೆರೆಯುವಾಗ ಹಲವು ಬ್ಯಾಂಕುಗಳು ಅದನ್ನು ನೋಡುತ್ತವೆ. ಫ್ರೀಜ್ ಮಾಡಿದರೆ ಹೊಸದಾಗಿ ಸಾಲ ಅಥವಾ ಖಾತೆ ಕೊಡುವವರಿಗೆ ಆ ವರದಿ ಕಾಣಿಸುವುದಿಲ್ಲ. ವರದಿ ಕಾಣದೆ ಅವರು ಸಾಲ ಕೊಡುವುದಿಲ್ಲ, ಖಾತೆ ತೆರೆಯುವುದಿಲ್ಲ. ಕಳ್ಳನ ಬಳಿ ಹೆಸರು, ಜನ್ಮದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಎಲ್ಲ ಇದ್ದರೂ ಅವನು ಅಲ್ಲಿಗೇ ನಿಲ್ಲಬೇಕು. ಈಗಾಗಲೇ ಇರುವ ಕಾರ್ಡು, ಖಾತೆಗಳಿಗೆ ಇದರಿಂದ ತೊಂದರೆಯಿಲ್ಲ. ನಮಗೇ ಸಾಲ ಬೇಕಾದಾಗ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಬಹುದು.

ಈ ಹಕ್ಕು ಅಲ್ಲಿಯೂ ಹೋರಾಟವಿಲ್ಲದೆ ಬರಲಿಲ್ಲ. ಈ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ದಾರಿ ತೋರಿತು, ಬೇರೆ ರಾಜ್ಯಗಳು ಹಿಂಬಾಲಿಸಿದವು. ಎಷ್ಟೋ ಕಡೆ ಇದಕ್ಕೆ ಶುಲ್ಕವಿತ್ತು. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿದಾಗ ಜನ ಕೆರಳಿದರು. ಸೋರಿಸಿದವರಿಗೇ ದುಡ್ಡು ಕೊಟ್ಟು ಬೀಗ ಹಾಕಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಸಂಸತ್ತನ್ನು ಮುಟ್ಟಿತು. 2018ರ ಸೆಪ್ಟೆಂಬರ್ 21ರಿಂದ ದೇಶದಾದ್ಯಂತ ಆ ಮೂರು ದೊಡ್ಡ ಸಂಸ್ಥೆಗಳಲ್ಲಿ ಫ್ರೀಜ್ ಉಚಿತವಾಯಿತು. ಆನ್‌ಲೈನ್‌ನಲ್ಲೋ ಫೋನಿನಲ್ಲೋ ಕೇಳಿದರೆ ಒಂದು ಕೆಲಸದ ದಿನದೊಳಗೆ ಹಾಕಬೇಕು, ತೆಗೆಯಲು ಹೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕು. 16 ವರ್ಷದೊಳಗಿನ ಮಕ್ಕಳ ಪರವಾಗಿ ತಂದೆತಾಯಿಯೂ ಹಾಕಿಸಬಹುದು.

ಅಲ್ಲಿ ಕೆಲವು ವರ್ಷ ದುಡಿದು ಮೈಸೂರಿಗೆ ಮರಳಿದವರಿಗೆ ಇಲ್ಲೊಂದು ಮಾತು. ನೀವು ವಾಪಸು ಬಂದರೂ ನಿಮ್ಮ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಅಲ್ಲೇ ಉಳಿದಿರುತ್ತದೆ. ಅಲ್ಲಿ ಸದ್ಯಕ್ಕೆ ಸಾಲ ಬೇಕಿಲ್ಲವೆಂದರೆ ಮೂರು ಸಂಸ್ಥೆಗಳಲ್ಲೂ ಚೆಕ್ಸ್‌ಸಿಸ್ಟಮ್ಸ್‌ನಲ್ಲೂ ಫ್ರೀಜ್ ಹಾಕಿಡಿ. ಅಲ್ಲಿ ಹುಟ್ಟಿದ ಮಕ್ಕಳ ಹೆಸರಿಗೂ ಹಾಕಿಸಿ. ಮಗುವಿನ ಹೆಸರಿನ ವರದಿಯನ್ನು ವರ್ಷಗಟ್ಟಲೆ ಯಾರೂ ತೆರೆದು ನೋಡುವುದಿಲ್ಲ, ಆದ್ದರಿಂದಲೇ ಕಳ್ಳರಿಗೆ ಅದು ಇಷ್ಟ.

ಇಲ್ಲಿ ನಮಗೆ ಸಿಗುವ ಬೀಗಗಳು

ಭಾರತದಲ್ಲಿ ಸಾಲದ ಚರಿತ್ರೆ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಮೊದಲು ಬಂದದ್ದು ಸಿಬಿಲ್, 2000ದಲ್ಲಿ. ಅದಕ್ಕೇ ನಮ್ಮ ಮಾತಿನಲ್ಲಿ ಎಲ್ಲ ವರದಿಗೂ 'ಸಿಬಿಲ್' ಎಂದೇ ಹೆಸರು. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ ಇವುಗಳನ್ನು ನಿಯಂತ್ರಿಸುವುದು ರಿಸರ್ವ್ ಬ್ಯಾಂಕ್. ಆ ಕಾಯ್ದೆ ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕು ಕೊಟ್ಟಿದೆ. ಅಮೆರಿಕದ ಮಾದರಿಯಲ್ಲಿ, ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವ ಉಚಿತ ಫ್ರೀಜ್ ಹಕ್ಕನ್ನು ಕೊಟ್ಟಿಲ್ಲ.

ಆದರೂ ಕೈಕಟ್ಟಿ ಕೂರಬೇಕಿಲ್ಲ. ಬಿಡಿಬಿಡಿಯಾಗಿ ನಮಗೆ ಸಿಗುವ ಬೀಗಗಳಿವೆ, ಎಲ್ಲವೂ ಉಚಿತ.

ಮೊದಲನೆಯದು ಆಧಾರ್ ಬಯೋಮೆಟ್ರಿಕ್ ಲಾಕ್. ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಮೈಆಧಾರ್ ಜಾಲತಾಣದಲ್ಲಿ ಹಾಕಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕೈಯಲ್ಲಿರಬೇಕು. ಲಾಕ್ ಹಾಕಿದ ಮೇಲೆ ಬೆರಳು, ಕಣ್ಣಿನ ಪಾಪೆ, ಮುಖ ಮೂರೂ ಗುರುತಿಗೆ ನಡೆಯುವುದಿಲ್ಲ. ಸಿಲಿಕೋನ್ ಬೆರಳು ಎಷ್ಟೇ ಚೆನ್ನಾಗಿದ್ದರೂ ಯಂತ್ರ ಅದನ್ನು ತಿರಸ್ಕರಿಸುತ್ತದೆ. ಒಟಿಪಿ ಮೂಲಕ ಗುರುತು ತೋರಿಸುವ ಕೆಲಸಗಳು ಎಂದಿನಂತೆ ನಡೆಯುತ್ತವೆ.

ನಿವೃತ್ತರು ಹೆಚ್ಚಿರುವ ವಿಜಯನಗರದಂಥ ಬಡಾವಣೆಯಲ್ಲಿ ಇದರ ಬಗ್ಗೆ ಒಂದು ಭಯವಿದೆ: ಲಾಕ್ ಹಾಕಿದರೆ ಪಿಂಚಣಿ ನಿಂತುಹೋಗುತ್ತದೆಯೇ? ಇಲ್ಲ. ಖಾತೆಗೆ ಬರುವ ಪಿಂಚಣಿಗೂ ಈ ಲಾಕಿಗೂ ಸಂಬಂಧವಿಲ್ಲ. ನವೆಂಬರ್‌ನಲ್ಲಿ ಜೀವನ್ ಪ್ರಮಾಣ್ ಮೂಲಕ ಜೀವಿತ ಪ್ರಮಾಣಪತ್ರ ಕೊಡುವಾಗ, ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕೆ ಬೆರಳಿಡುವಾಗ, ಹೊಸ ಸಿಮ್ ಕೊಳ್ಳುವಾಗ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿದರಾಯಿತು. ಕೆಲವೇ ನಿಮಿಷಗಳಲ್ಲಿ ಅದು ತಾನಾಗಿಯೇ ಮತ್ತೆ ಲಾಕ್ ಆಗುತ್ತದೆ. ಅದೇ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಗುರುತಿಗೆ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ. ತಿಂಗಳಿಗೊಮ್ಮೆ ನೋಡುವ ರೂಢಿ ಒಳ್ಳೆಯದು.

ಎರಡನೆಯದು ಬ್ಯಾಂಕಿನಲ್ಲಿ. ಎಇಪಿಎಸ್ ಬಳಸದವರು ತಮ್ಮ ಖಾತೆಗೆ ಆ ಸೌಲಭ್ಯ ನಿಲ್ಲಿಸಿ ಎಂದು ಶಾಖೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲೇ ಇದಕ್ಕೆ ಅವಕಾಶವಿದೆ. ಕಾರ್ಡುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2020ರಲ್ಲೇ ಒಂದು ದೊಡ್ಡ ಉಪಕಾರ ಮಾಡಿದೆ. ಆ ವರ್ಷದ ಅಕ್ಟೋಬರ್ 1ರಿಂದ ಹೊಸ ಕಾರ್ಡು ಬಂದಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್, ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಬೇಕಾದರೆ ನಾವೇ ತೆರೆಯಬೇಕು, ಯಾವಾಗ ಬೇಕಾದರೂ ಮುಚ್ಚಬಹುದು. ಮುಚ್ಚಿರುವುದೇ ಸಹಜಸ್ಥಿತಿ, ತೆರೆಯಲು ಒಡೆಯನ ಒಪ್ಪಿಗೆ ಬೇಕು ಎಂಬ ತತ್ವ ಇಲ್ಲಿದೆ.

ಮೂರನೆಯದು ಸಿಮ್. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳಿವೆ ಎಂದು ನೋಡಿ, ನಮ್ಮದಲ್ಲದ್ದನ್ನು ಅಲ್ಲೇ ದೂರಬಹುದು. ನಾಲ್ಕನೆಯದು ಜೆರಾಕ್ಸ್ ಅಂಗಡಿಯಲ್ಲಿ ಪಾಲಿಸಬೇಕಾದ ಶಿಸ್ತು. ಬಾಡಿಗೆ ಮನೆಗೆ, ಪಿಜಿಗೆ, ಲಾಡ್ಜಿಗೆ ಆಧಾರ್ ಪ್ರತಿ ಕೊಡಬೇಕಾದಾಗ ಮೊದಲ ಎಂಟು ಅಂಕಿ ಮರೆಯಾಗಿರುವ ಮಾಸ್ಕ್ಡ್ ಆಧಾರ್ ಕೊಡಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಅಡ್ಡಲಾಗಿ ಬರೆದು ಸಹಿ ಹಾಕಿ.

ವರ್ಷಕ್ಕೆ ನಾಲ್ಕು ಸಲ, ದುಡ್ಡಿಲ್ಲದೆ

ಸಾಲದ ವರದಿಗೆ ಬೀಗ ಹಾಕುವ ಹಕ್ಕಿಲ್ಲದಿರುವಾಗ ಕಾವಲು ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಾಲ್ಕನ್ನೂ ಒಟ್ಟಿಗೆ ತೆಗೆಯಬೇಡಿ. ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಜುಲೈ, ಅಕ್ಟೋಬರ್‌ನಲ್ಲಿ ಉಳಿದೆರಡು ಎಂದು ಹಂಚಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಸ್ಕೋರ್ 750 ಇದೆಯೋ 800 ಇದೆಯೋ ಎಂದಷ್ಟೇ ನೋಡಿ ಮುಚ್ಚಬಾರದು. ವರದಿಯ ಮೂರು ಜಾಗಗಳನ್ನು ಓದಬೇಕು. ಒಂದು, ಖಾತೆಗಳ ಪಟ್ಟಿ: ನಾವು ತೆಗೆಯದ ಸಾಲ ಇದೆಯೇ? ಎರಡು, ವಿಳಾಸ ಮತ್ತು ಫೋನ್: ನಾವೆಂದೂ ವಾಸಿಸದ ಊರಿನ ವಿಳಾಸ ಸೇರಿದೆಯೇ? ಮೂರು, ವಿಚಾರಣೆಗಳ ಪಟ್ಟಿ: ನಾವು ಅರ್ಜಿ ಹಾಕದ ಬ್ಯಾಂಕೋ ಆ್ಯಪ್ ಕಂಪನಿಯೋ ನಮ್ಮ ವರದಿಯನ್ನು ತೆರೆದಿದೆಯೇ? ಈ ಮೂರನೆಯದು ಮುನ್ಸೂಚನೆ. ಸಾಲ ಮಂಜೂರಾಗುವ ಮೊದಲೇ ಕಳ್ಳನ ಹೆಜ್ಜೆ ಇಲ್ಲಿ ಬೀಳುತ್ತದೆ.

2023ರ ಅಕ್ಟೋಬರ್ 26ರಂದು ರಿಸರ್ವ್ ಬ್ಯಾಂಕ್ ಇಲ್ಲಿ ಎರಡು ಮುಖ್ಯ ಸುಧಾರಣೆ ತಂದಿತು. ಸಾಲ ಕೊಡುವ ಸಂಸ್ಥೆ ನಮ್ಮ ವರದಿಯನ್ನು ನೋಡಿದಾಗ ನಮಗೆ ಎಸ್ಎಂಎಸ್ ಅಥವಾ ಇಮೇಲ್ ಬರಬೇಕು. ತಪ್ಪಿನ ಬಗ್ಗೆ ದೂರು ಕೊಟ್ಟ 30 ದಿನಗಳಲ್ಲಿ ಪರಿಹರಿಸದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆದ್ದರಿಂದ ಹಳೆಯ ಮೊಬೈಲ್ ಸಂಖ್ಯೆ ಬ್ಯಾಂಕಿನಲ್ಲಿ ಉಳಿದಿದ್ದರೆ ಇಂದೇ ಬದಲಿಸಿ. ಎಚ್ಚರಿಕೆಯ ಸಂದೇಶ ಬೇರೆಯವರ ಫೋನಿಗೆ ಹೋದರೆ ಪ್ರಯೋಜನವಿಲ್ಲ.

ಹಣ ಹೋದ ಮೇಲೆ

ಹಣ ಹೋಗಿದೆ ಎಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾಚಿಕೆಪಟ್ಟು ರಾತ್ರಿಯಿಡೀ ಒಬ್ಬರೇ ಕೊರಗುವವರಿದ್ದಾರೆ, ಮಕ್ಕಳಿಗೆ ಹೇಳಲು ಹಿಂಜರಿಯುವ ಹಿರಿಯರಿದ್ದಾರೆ. ಆ ಹೊತ್ತೇ ಬಹಳ ಬೆಲೆಯುಳ್ಳದ್ದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ಅದನ್ನು ತಡೆಹಿಡಿಯುವ ವ್ಯವಸ್ಥೆ ಈ ಸಂಖ್ಯೆಯ ಹಿಂದಿದೆ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆಗೋ ಹತ್ತಿರದ ಪೊಲೀಸ್ ಠಾಣೆಗೋ ಹೋಗಿ, ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ.

ಬರವಣಿಗೆ ಏಕೆಂದರೆ, 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಗ್ರಾಹಕರ ಪರವಾಗಿದೆ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ವ್ಯವಸ್ಥೆಯ ಬೇರೆಲ್ಲೋ ಬಿರುಕುಬಿಟ್ಟು ಹಣ ಹೋಗಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ಹೊಣೆ ಇಲ್ಲ. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ಜಮಾ ತೋರಿಸಬೇಕು. ಗ್ರಾಹಕರೇ ತಪ್ಪಿತಸ್ಥರು ಎಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದೇ. 'ನಿಮ್ಮ ಬೆರಳೇ ಇಟ್ಟಿದ್ದೀರಿ' ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ತಲೆತಗ್ಗಿಸಿ ಹೊರಬರಬೇಡಿ, ಈ ಸುತ್ತೋಲೆಯನ್ನು ಮುಂದಿಡಿ. ಅಲ್ಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ವರದಿ ಸಂಸ್ಥೆಗಳ ವಿರುದ್ಧವೂ ಅಲ್ಲಿಗೆ ದೂರು ಕೊಡಬಹುದು.

ಕೇಳಬೇಕಾದ ಹಕ್ಕು

ಇಷ್ಟೆಲ್ಲ ಬೀಗಗಳನ್ನು ನಾಗರಿಕರೇ ಹುಡುಕಿ ಹುಡುಕಿ ಹಾಕಿಕೊಳ್ಳಬೇಕಾಗಿರುವುದು ನ್ಯಾಯವಲ್ಲ. ಆ್ಯಪ್ ಬಳಸಲು ಬಾರದ ಅಜ್ಜಿಗೆ, ಆಧಾರ್‌ಗೆ ಮೊಬೈಲ್ ಜೋಡಿಸದ ಮನೆಗೆಲಸದ ಹೆಂಗಸಿಗೆ ಈ ಲೇಖನದ ಅರ್ಧ ಸಲಹೆಗಳು ಕೈಗೆಟುಕುವುದಿಲ್ಲ. ಕಾರ್ಡುಗಳಿಗೆ ಒಪ್ಪಿಕೊಂಡ ತತ್ವವನ್ನು ಬೆರಳಿಗೂ ಸಾಲದ ವರದಿಗೂ ಒಪ್ಪಿಕೊಳ್ಳಬೇಕು. ಎಇಪಿಎಸ್ ಕೇಳಿದವರ ಖಾತೆಯಲ್ಲಿ ಮಾತ್ರ ತೆರೆದಿರಲಿ. ಒಂದೇ ಅರ್ಜಿಯಿಂದ ನಾಲ್ಕೂ ಸಂಸ್ಥೆಗಳ ವರದಿ ಫ್ರೀಜ್ ಆಗುವ, ಒಂದು ಗಂಟೆಯೊಳಗೆ ತೆರೆಯುವ ಉಚಿತ ಹಕ್ಕು ನಮ್ಮ ಕಾನೂನಿನಲ್ಲೂ ಬರಲಿ. ಜನರ ಬೆರಳಚ್ಚು ಪಡೆಯುವ ಇಲಾಖೆ, ಅದು ಸೋರಿದರೆ ಉತ್ತರ ಕೊಡುವ ಹೊಣೆಯನ್ನೂ ಹೊರಲಿ.

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ನೆರೆಹೊರೆಯಲ್ಲಿದೆ. ವಿಜಯನಗರದಲ್ಲಿ ಬೆಳಗಿನ ವಾಕಿಂಗ್ ಗೆಳೆಯರ ಗುಂಪುಗಳಿವೆ, ಬಡಾವಣೆಯ ನಿವಾಸಿಗಳ ಸಂಘಗಳಿವೆ, ನಿವೃತ್ತರ ಕೂಟಗಳಿವೆ, ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಒಂದು ಭಾನುವಾರ ಪಾರ್ಕಿನಲ್ಲಿ ಮೇಜು ಹಾಕಿ, ಹಿರಿಯರ ಫೋನಿನಲ್ಲಿ ಅವರ ಎದುರೇ ಆಧಾರ್ ಲಾಕ್ ಹಾಕಿಸಿ, ನವೆಂಬರ್‌ನಲ್ಲಿ ತೆರೆಯುವುದು ಹೇಗೆಂದು ಕಲಿಸಿ, 1930 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟರೆ ಆ ಬೀದಿಯೇ ಭದ್ರವಾಗುತ್ತದೆ. ಒಟಿಪಿಯನ್ನು ಮಾತ್ರ ಅವರೇ ತಮ್ಮ ಕೈಯಾರೆ ಒತ್ತಲಿ. ಹಾಗೆಯೇ ಆ ಮೇಜಿನ ಮೇಲೆ ಒಂದು ಮನವಿ ಪತ್ರವನ್ನೂ ಇಡಿ, ಫ್ರೀಜ್ ಹಕ್ಕು ಬೇಕೆಂದು ರಿಸರ್ವ್ ಬ್ಯಾಂಕಿಗೂ ನಮ್ಮ ಸಂಸದರಿಗೂ ಬರೆದದ್ದು. ಅಮೆರಿಕದಲ್ಲಿ ಆ ಕಾನೂನು ಬಂದದ್ದು ಜನ ಕೇಳಿದ್ದರಿಂದ. ನಾವೂ ಕೇಳೋಣ.